ಸೊಂಟ ನೋವಿನ ಬಗ್ಗೆ ನಾವು ನಂಬಿರುವುದನ್ನು ಸೋಸಿ ನೋಡುವುದು ಹೇಗೆ

"ಎಲ್4-ಎಲ್5 ಗ್ಯಾಪ್ ಬಂದಿದೆ ಮೇಡಂ." "ಡಿಸ್ಕ್ ಜಾರಿದೆ." "ಮೂಳೆ ಸವೆದುಹೋಗಿದೆಯಂತೆ." "ಸಿಸೇರಿಯನ್ ಆದಾಗ ಬೆನ್ನಿಗೆ ಸೂಜಿ ಚುಚ್ಚಿದ್ರಲ್ಲ, ಆವತ್ತಿಂದ ಶುರು." ಸೊಂಟ ನೋವು ಅಂತ ಫಿಸಿಯೋಥೆರಪಿಗೆ ಬರುವವರಲ್ಲಿ ತುಂಬಾ ಜನ ಎಲ್ಲಿ ನೋಯುತ್ತದೆ, ಯಾವಾಗ ಜಾಸ್ತಿಯಾಗುತ್ತದೆ ಅಂತ ಹೇಳುವುದಕ್ಕೂ ಮೊದಲು ಇದನ್ನು ಹೇಳುತ್ತಾರೆ. ನೋವಿನ ಜೊತೆ ನೋವಿನ ಕತೆಯೂ ಬಂದಿರುತ್ತದೆ. ಈ ಕೆಲಸದಲ್ಲಿರುವ ನನಗೆ ಅನ್ನಿಸುವುದು ಏನೆಂದರೆ, ಎಷ್ಟೋ ಜನರನ್ನು ತಿಂಗಳುಗಟ್ಟಲೆ ಮೂಲೆಗೆ ಕೂರಿಸಿರುವುದು ನೋವಿಗಿಂತ ಜಾಸ್ತಿ ಆ ಕತೆ. ಹಾಗಾಗಿ ಇಲ್ಲಿ ವ್ಯಾಯಾಮದ ಪಟ್ಟಿ ಕೊಡುತ್ತಿಲ್ಲ, ಅದು ಎಲ್ಲಾ ಕಡೆ ಸಿಗುತ್ತದೆ. ನಿಮ್ಮ ತಲೆಯಲ್ಲಿರುವ ಕತೆಯನ್ನು ಹೊರಗೆ ತೆಗೆದು, ಅದರಲ್ಲಿ ಕಾಳು ಎಷ್ಟು, ಜೊಳ್ಳು ಎಷ್ಟು ಅಂತ ನೀವೇ ನೋಡಿಕೊಳ್ಳುವುದು ಹೇಗೆ ಅನ್ನುವುದಷ್ಟೇ ವಿಷಯ.

ಇದು ನಿಮ್ಮೊಬ್ಬರ ಕಷ್ಟವೂ ಅಲ್ಲ. 2020ರ ಲೆಕ್ಕದಲ್ಲಿ ಪ್ರಪಂಚದಲ್ಲಿ ಸುಮಾರು 61.9 ಕೋಟಿ ಜನಕ್ಕೆ ಸೊಂಟ ನೋವಿತ್ತು. 1990ರಿಂದ ಈಚೆಗೆ ಜನರನ್ನು ಕೆಲಸ ಮಾಡಲಾಗದಂತೆ ಮಾಡುವ ತೊಂದರೆಗಳಲ್ಲಿ ಇದೇ ಮೊದಲ ಸ್ಥಾನದಲ್ಲಿದೆ.

ಮೊದಲು ಅಪಾಯದ ಲಕ್ಷಣ ನೋಡಿಕೊಳ್ಳಿ

ನಂಬಿಕೆಯನ್ನು ಸೋಸುವ ಕೆಲಸ ಆಮೇಲೆ. ಕೆಳಗಿನದರಲ್ಲಿ ಒಂದಿದ್ದರೂ ಇದನ್ನು ಓದುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಮೂತ್ರ ಕಟ್ಟಿಕೊಳ್ಳುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಸೈಕಲ್ ಸೀಟಿನ ಮೇಲೆ ಕೂತಾಗ ತಾಗುವ ಜಾಗವೆಲ್ಲ ಜೋಮು ಹಿಡಿಯುವುದು, ಎರಡೂ ಕಾಲು ಸೋಲುವುದು. ಇವಿದ್ದರೆ ನಾಳೆ ಅನ್ನಬೇಡಿ, ಇವತ್ತೇ, ರಾತ್ರಿಯಾಗಿದ್ದರೂ ದೊಡ್ಡ ಆಸ್ಪತ್ರೆಗೆ ಹೋಗಿ. ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ ಅದನ್ನೂ ಬೇಗ ತೋರಿಸಬೇಕು. ಸಂಜೆ ಹೊತ್ತು ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು. ನಮ್ಮ ದೇಶದಲ್ಲಿ ಅದು ಅಪರೂಪವೇನಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆಯೂ ಔಷಧಿಯೂ ಉಚಿತ. ಹಿಂದೆ ಕ್ಯಾನ್ಸರ್ ಆಗಿದ್ದವರು, ತುಂಬಾ ದಿನ ಸ್ಟೀರಾಯ್ಡ್ ತೆಗೆದುಕೊಂಡವರು, ಬಚ್ಚಲಲ್ಲಿ ಜಾರಿ ಬಿದ್ದ ವಯಸ್ಸಾದವರು ಕೂಡ ಮೊದಲು ತೋರಿಸಿಕೊಳ್ಳಬೇಕು. ಇನ್ನೊಂದು ಗುಂಪಿದೆ, ಇವರನ್ನು ಎಲ್ಲರೂ ಮರೆಯುತ್ತಾರೆ: ಇಪ್ಪತ್ತು ಮೂವತ್ತರ ಹುಡುಗರು, ಹುಡುಗಿಯರು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಜಾಸ್ತಿ ಸೊಂಟ ಮರಗಟ್ಟಿದಂತಿದ್ದು, ಓಡಾಡಿದರೆ ಸಡಿಲವಾಗಿ, ಕೂತರೆ ಮತ್ತೆ ಹಿಡಿದುಕೊಳ್ಳುತ್ತಿದ್ದರೆ, ಹೀಗೇ ಮೂರು ತಿಂಗಳಾಗಿದ್ದರೆ ಅದು ಸಂಧಿವಾತದ ಒಂದು ಬಗೆ ಇರಬಹುದು. ಅದಕ್ಕೆ ರುಮಟಾಲಜಿಸ್ಟ್ (ಸಂಧಿವಾತದ ಡಾಕ್ಟರ್) ಹತ್ತಿರ ಹೋಗಬೇಕು.

ಇದ್ಯಾವುದೂ ಇಲ್ಲವಾ? ಹಾಗಾದರೆ ನೀವು ಹತ್ತರಲ್ಲಿ ಒಂಬತ್ತು ಜನರ ಗುಂಪಿನಲ್ಲಿದ್ದೀರಿ. ಈ ಗುಂಪಿನವರ ನೋವಿಗೆ ಬೆಟ್ಟು ಮಾಡಿ ತೋರಿಸುವಂಥ ಒಂದೇ ಕಾರಣ ಸಿಗುವುದಿಲ್ಲ. ಹಾಗಂದ ಮಾತ್ರಕ್ಕೆ ನೋವು ಸುಳ್ಳಲ್ಲ. ಸ್ನಾಯು, ಕೀಲು, ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ), ನಿದ್ದೆ, ಕೆಲಸದ ಒತ್ತಡ, ಚಿಂತೆ ಎಲ್ಲಾ ಸೇರಿ ಬಂದಿರುವ ನಿಜವಾದ ನೋವು ಅದು. ಅಷ್ಟೇ, ಒಂದು ಮುರಿದ ಭಾಗ ಅಂತ ಇರುವುದಿಲ್ಲ.

ಒಂದು ಹಾಳೆ ತೆಗೆದುಕೊಳ್ಳಿ

ಮೊಬೈಲ್‌ನಲ್ಲಿ ಬರೆದರೂ ಆಗುತ್ತದೆ, ಆದರೆ ಹಾಳೆ ಒಳ್ಳೆಯದು. ಈ ಪ್ರಶ್ನೆಗಳಿಗೆ ನಿಮಗೆ ತೋಚಿದ್ದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಸರಿ ಉತ್ತರ ಬೇಕಿಲ್ಲ, ನಿಮ್ಮ ಉತ್ತರ ಬೇಕು.

ನನ್ನ ಸೊಂಟದಲ್ಲಿ ಏನು ಕೆಟ್ಟಿದೆ ಅಂತ ನಾನು ಅಂದುಕೊಂಡಿದ್ದೇನೆ?
ಯಾವುದರಿಂದ ಬಂತು?
ಎಷ್ಟು ದಿನ ಇರುತ್ತದೆ? ವಾಸಿಯಾಗುತ್ತದಾ, ಇಲ್ಲಾ ಸಾಯುವವರೆಗೂ ಇದೇನಾ?
ಇದಕ್ಕೆ ಹೆದರಿ ನಾನು ಏನೇನು ಬಿಟ್ಟಿದ್ದೇನೆ?
ಬಿಡದೆ ಮಾಡಿದರೆ ಏನಾಗಬಹುದು ಅಂತ ಭಯ?

ಕೊನೆಗೆ, ಪ್ರತಿಯೊಂದು ಉತ್ತರದ ಮುಂದೆ ಅದನ್ನು ಯಾರು ಹೇಳಿದರು ಅಂತ ಬರೆಯಿರಿ. ಡಾಕ್ಟರಾ, ಅತ್ತೆಯಾ, ಸ್ಕ್ಯಾನಿಂಗ್ ಸೆಂಟರಿನ ಹುಡುಗನಾ, ಯೂಟ್ಯೂಬಾ, ಪಕ್ಕದ ಮನೆಯವರಾ. ಈ ಕೊನೆಯ ಕಾಲಂ ತುಂಬಾ ಮುಖ್ಯ, ದಯವಿಟ್ಟು ಬಿಡಬೇಡಿ. ನ್ಯೂಜಿಲೆಂಡ್‌ನಲ್ಲಿ ಸೊಂಟ ನೋವಿನವರನ್ನು ಕೂರಿಸಿ ಮಾತಾಡಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಂಡದ್ದು ಇದು: ಡಾಕ್ಟರೋ ಫಿಸಿಯೋನೋ ಯಾವತ್ತೋ ಹೇಳಿದ ಒಂದು ಮಾತು ವರ್ಷಗಟ್ಟಲೆ ಉಳಿದಿರುತ್ತದೆ, ಅದರಂತೆಯೇ ಜನ ಬದುಕುತ್ತಿರುತ್ತಾರೆ. ನಮ್ಮಲ್ಲೂ ಹಾಗೇ. "ಇನ್ಮೇಲೆ ಬಗ್ಗೋ ಹಾಗಿಲ್ಲಮ್ಮ" ಅಂತ ಡಾಕ್ಟರ್ ಅರ್ಧ ನಿಮಿಷದಲ್ಲಿ ಹೇಳಿರುತ್ತಾರೆ, ಅವರು ಹೇಳಿದ್ದು ಆ ವಾರಕ್ಕೆ ಇರಬಹುದು. ಕೇಳಿಸಿಕೊಂಡವರು ಅದನ್ನು ಜೀವನಪೂರ್ತಿ ಪಾಲಿಸುತ್ತಾರೆ.

ಹೆದರಿಕೆಯನ್ನು ಅಳೆಯುವುದು ಹೊಸ ವಿಷಯವೂ ಅಲ್ಲ. ಸ್ಕಾಟ್ಲೆಂಡಿನ ಮೂಳೆ ಸರ್ಜನ್ ಗಾರ್ಡನ್ ವಾಡೆಲ್ ಮತ್ತು ಜೊತೆಗಾರರು 1993ರಲ್ಲೇ ಇದಕ್ಕೊಂದು ಪ್ರಶ್ನಾವಳಿ ಮಾಡಿದ್ದರು. ಮೈ ಬಗ್ಗಿಸಿ ಕೆಲಸ ಮಾಡಿದರೆ ಬೆನ್ನಿಗೆ ಕೆಡುಕು ಅಂತ ಎಷ್ಟು ನಂಬಿದ್ದೀರಿ ಅನ್ನುವ ಧಾಟಿಯ ಪ್ರಶ್ನೆಗಳು. ಕೆಲಸದ ಬಗ್ಗೆ ಇರುವ ಈ ಹೆದರಿಕೆಗೂ ಕೆಲಸಕ್ಕೆ ರಜೆ ಹಾಕುವುದಕ್ಕೂ ಇರುವ ನಂಟು, ನೋವಿನ ಜೋರಿಗಿಂತ ಗಟ್ಟಿ ಅಂತ ಅವರಿಗೆ ಕಂಡಿತ್ತು.

ಎಂಆರ್‌ಐ ರಿಪೋರ್ಟನ್ನು ಹೆದರದೆ ಓದುವುದು

ಹಾಳೆಯ ಮೊದಲ ಸಾಲಿನಲ್ಲಿ ಹೆಚ್ಚಿನವರು ಬರೆಯುವುದು ರಿಪೋರ್ಟಿನಿಂದ ಎತ್ತಿದ ಪದ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಗ್ಯಾಪ್‌ನಿಂದ ಶುರು ಮಾಡುತ್ತೇನೆ. ಎಲ್4, ಎಲ್5 ಅಂದರೆ ಸೊಂಟದ ನಾಲ್ಕನೇ, ಐದನೇ ಮೂಳೆ. ಗ್ಯಾಪ್ ಬಂದಿದೆ ಅಂದರೆ ಎರಡು ಮೂಳೆ ಬಿಟ್ಟುಕೊಂಡು ಮಧ್ಯೆ ಸಂದಿಯಾಗಿದೆ, ಜೋರಾಗಿ ಬಗ್ಗಿದರೆ ಕಳಚಿಕೊಳ್ಳುತ್ತದೆ ಅಂತ ಜನ ಅಂದುಕೊಂಡಿರುತ್ತಾರೆ. ರಿಪೋರ್ಟಿನಲ್ಲಿ ಇರುವುದು ಸಾಮಾನ್ಯವಾಗಿ ಅದರ ಉಲ್ಟಾ: ಡಿಸ್ಕ್ ಸ್ಪೇಸ್ ಕಡಿಮೆಯಾಗಿದೆ ಅಂತ. ಅಂದರೆ ನಡುವಿನ ಡಿಸ್ಕ್ ವಯಸ್ಸಿಗೆ ತಕ್ಕಂತೆ ನೀರಿನ ಅಂಶ ಕಳೆದುಕೊಂಡು ಸ್ವಲ್ಪ ತೆಳ್ಳಗಾಗಿದೆ. ಏನೂ ಬಿಟ್ಟುಕೊಂಡಿಲ್ಲ, ಕಳಚಿಕೊಳ್ಳುವುದೂ ಇಲ್ಲ. ಡಿಸ್ಕ್ ಜಾರುವುದೂ ಅಷ್ಟೇ. ಅದು ಮೇಲಿನ, ಕೆಳಗಿನ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಸುತ್ತ ದಪ್ಪ ನಾರು ಇರುತ್ತದೆ. ಒಳಗಿನ ಮೆದು ಭಾಗ ಹೊರಗಿನ ನಾರನ್ನು ತಳ್ಳಿ ಸ್ವಲ್ಪ ಉಬ್ಬಬಹುದು, ಕೆಲವು ಸಲ ನಾರು ಬಿರಿದು ಹೊರಗೂ ಬರಬಹುದು. ಇಡೀ ಡಿಸ್ಕ್ ಎದ್ದು ಪಕ್ಕಕ್ಕೆ ಹೋಗುವುದಿಲ್ಲ. ಹಾಗಾಗಿ ಅದನ್ನು ಯಾರೂ "ಒಳಗೆ ಕೂರಿಸಲು" ಆಗುವುದಿಲ್ಲ.

ಈಗ ಮುಖ್ಯ ವಿಷಯ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ ನೋಡಿದ ಒಂದು ವಿಮರ್ಶೆ 2015ರಲ್ಲಿ ಬಂತು. ಡಿಸ್ಕ್ ಸವೆತ ಇಪ್ಪತ್ತು ವಯಸ್ಸಿನವರಲ್ಲೇ ಶೇ. 37 ಜನಕ್ಕಿತ್ತು. ನಲವತ್ತರಲ್ಲಿ ಶೇ. 68, ಐವತ್ತರಲ್ಲಿ ಶೇ. 80, ಎಂಬತ್ತರಲ್ಲಿ ಶೇ. 96. ಡಿಸ್ಕ್ ಬಲ್ಜ್, ಅಂದರೆ ಡಿಸ್ಕ್ ಉಬ್ಬಿರುವುದು, ನಲವತ್ತು ವಯಸ್ಸಿನ ಅರ್ಧ ಜನಕ್ಕಿತ್ತು. ಮತ್ತೊಮ್ಮೆ ಹೇಳುತ್ತೇನೆ, ಇವರ್ಯಾರಿಗೂ ಸೊಂಟ ನೋವಿರಲಿಲ್ಲ. ಅದಕ್ಕೂ ಮುಂಚೆ 1994ರಲ್ಲಿ ಅಮೆರಿಕದಲ್ಲಿ ನೋವಿಲ್ಲದ 98 ಜನರನ್ನು ಸ್ಕ್ಯಾನ್ ಮಾಡಿದಾಗ ಎಲ್ಲಾ ಡಿಸ್ಕೂ ಸರಿಯಾಗಿದ್ದವರು ಶೇ. 36 ಮಾತ್ರ. ವಯಸ್ಸಾದ ಹಾಗೆ ತಲೆಕೂದಲು ನರೆಯುತ್ತದೆ, ಹಾಗೆಯೇ ಡಿಸ್ಕೂ ನರೆಯುತ್ತದೆ. ತಲೆನೋವಿಗೆ ನರೆಗೂದಲು ಕಾರಣ ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ಹಾಗಾಗಿ ರಿಪೋರ್ಟ್ ಕೈಗೆ ಬಂದಾಗ ಹೀಗೆ ಮಾಡಿ. ಒಂದು ಪೆನ್ಸಿಲ್ ತೆಗೆದುಕೊಂಡು ಡೀಜನರೇಶನ್ (ಸವೆತ), ಡೆಸಿಕೇಶನ್ (ಡಿಸ್ಕ್ ಒಣಗುವುದು), ಡಿಸ್ಕ್ ಬಲ್ಜ್, ಆಸ್ಟಿಯೋಫೈಟ್ (ಮೂಳೆಯ ಅಂಚಿನ ಮುಳ್ಳು), ಲಾರ್ಡೋಸಿಸ್ (ಸೊಂಟದ ಬಾಗು) ಕಡಿಮೆಯಾಗಿದೆ ಅನ್ನುವ ಪದಗಳ ಕೆಳಗೆ ಗೆರೆ ಎಳೆಯಿರಿ. ಇವು ನಿಮ್ಮ ವಯಸ್ಸಿನ ನೋವಿಲ್ಲದವರಲ್ಲೂ ಸಿಗುವಂಥವು. ನರ್ವ್ ರೂಟ್ ಕಂಪ್ರೆಶನ್ (ನರದ ಬುಡ ಒತ್ತಿರುವುದು), ಎಕ್ಸ್‌ಟ್ರೂಶನ್ (ಡಿಸ್ಕಿನ ಒಳಭಾಗ ಹೊರಗೆ ಬಂದಿರುವುದು), ಸ್ಟೆನೋಸಿಸ್ (ನರದ ದಾರಿ ಕಿರಿದಾಗಿರುವುದು), ಫ್ರ್ಯಾಕ್ಚರ್, ಇನ್‌ಫೆಕ್ಷನ್ ಇದ್ದರೆ ಸುತ್ತು ಹಾಕಿ, ಅದನ್ನು ಡಾಕ್ಟರ್ ಹತ್ತಿರ ಕೇಳಬೇಕು. ಅಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: "ಇದು ನನ್ನ ನೋವು ಇರುವ ಕಡೆಗೆ, ನನ್ನ ಕಾಲಿನ ಜೋಮಿಗೆ ಹೊಂದುತ್ತಾ?" ಎಡಗಾಲು ಎಳೆಯುತ್ತಿರುವಾಗ ರಿಪೋರ್ಟಿನಲ್ಲಿ ಬಲಗಡೆಯ ನರದ ವಿಷಯ ಇದ್ದರೆ, ಆ ಸಾಲು ಸುಮ್ನೆ ಇದೆ ಅಷ್ಟೇ.

ನಿಜವಾಗಿಯೂ ಡಿಸ್ಕ್ ಹೊರಬಂದು ನರ ಕೆರಳಿಸಿ, ನೋವು ಮಂಡಿ ದಾಟಿ ಪಾದದವರೆಗೆ ಹರಿಯುತ್ತಿದ್ದರೂ ಎದೆಗುಂದಬೇಕಿಲ್ಲ. ಹೊರಬಂದ ಆ ತುಣುಕನ್ನು ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತದೆ. ವಿಚಿತ್ರ ಅಂದರೆ ಸ್ವಲ್ಪ ಉಬ್ಬಿರುವುದಕ್ಕಿಂತ ಪೂರ್ತಿ ಹೊರಗೆ ಬಂದಿರುವುದು ಕರಗುವ ಸಾಧ್ಯತೆಯೇ ಜಾಸ್ತಿ. ಸ್ಕ್ಯಾನ್‌ನಲ್ಲಿ ದೊಡ್ಡದಾಗಿ ಕಂಡಿತು ಅಂತ ಕೂಡಲೇ ಆಪರೇಷನ್ ಅಂತಲ್ಲ. ಕಾಲು ಸೋಲುತ್ತಿದ್ದರೆ, ಅಥವಾ ಆರು ವಾರ ಕಳೆದರೂ ಕಾಲಿನ ನೋವು ತಡೆಯಲಾಗದಂತಿದ್ದರೆ ಸರ್ಜನ್ ಜೊತೆ ಮಾತಾಡಬೇಕು.

ಸ್ಕ್ಯಾನ್ ಇನ್ನೂ ಮಾಡಿಸಿಲ್ಲವಾ? ಮೇಲೆ ಹೇಳಿದ ಅಪಾಯದ ಲಕ್ಷಣ ಇಲ್ಲದಿದ್ದರೆ "ಒಂದ್ಸಲ ನೋಡಿಬಿಡೋಣ" ಅಂತ ಮಾಡಿಸಬೇಡಿ. ಸಾವಿರಾರು ರೂಪಾಯಿ ಕೊಟ್ಟು ಹೆದರಿಕೆ ತಂದುಕೊಂಡ ಹಾಗಾಗುತ್ತದೆ.

"ಮಲಗಿ, ಬಗ್ಗಬೇಡಿ, ಎತ್ತಬೇಡಿ" ಅನ್ನುವ ಸಲಹೆ

1995ರಲ್ಲಿ ಹೆಲ್ಸಿಂಕಿ ನಗರಸಭೆಯ ಕೆಲಸಗಾರರ ಮೇಲೆ ಒಂದು ಪ್ರಯೋಗ ಆಯಿತು. ಸೊಂಟ ಹಿಡಿದುಕೊಂಡು ಬಂದವರಲ್ಲಿ ಒಂದು ಗುಂಪಿಗೆ ಎರಡು ದಿನ ಮಲಗಲು ಹೇಳಿದರು, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ ಕೊಟ್ಟರು, ಮೂರನೆಯದಕ್ಕೆ ತಡೆಯುವಷ್ಟು ದಿನನಿತ್ಯದ ಕೆಲಸ ಮಾಡಿಕೊಂಡಿರಿ ಅಂದರು. ಬೇಗ ಚೇತರಿಸಿಕೊಂಡವರು ಮೂರನೆಯವರು. ನಿಧಾನವಾಗಿ ಚೇತರಿಸಿಕೊಂಡವರು ಮಲಗಿದವರು. ಬರೀ ಎರಡು ದಿನಕ್ಕೇ ಈ ವ್ಯತ್ಯಾಸ. ನಮ್ಮಲ್ಲಿ ಮೂರು ವಾರ ಬೆಡ್ ರೆಸ್ಟ್ ಅಂತ ಚೀಟಿ ಬರೆಸಿಕೊಂಡು ಮಲಗಿದವರು ಇದ್ದಾರೆ. ಮೊದಲ ದಿನ, ಎರಡನೇ ದಿನ ನೋವು ಜೋರಿದ್ದಾಗ ಮಧ್ಯೆ ಮಧ್ಯೆ ಮಲಗುವುದು ತಪ್ಪಲ್ಲ. ಆದರೆ ಗಂಟೆಗೊಮ್ಮೆ ಎದ್ದು ಅಡಿಗೆಮನೆವರೆಗಾದರೂ ನಡೆದು ಬನ್ನಿ.

ಬಗ್ಗಬೇಡಿ, ನೆಲದ ಮೇಲೆ ಕೂರಬೇಡಿ, ಭಾರ ಎತ್ತಬೇಡಿ ಅನ್ನುವ ಮೂರು ಮಾತು ನಮ್ಮ ಕಡೆ ಪ್ರಿಸ್ಕ್ರಿಪ್ಷನ್‌ನ ಜೊತೆಗೇ ಬರುತ್ತವೆ. ಇವು ಯಾರ ಬದುಕಿಗೆ ಬರೆದದ್ದೋ ಗೊತ್ತಿಲ್ಲ. ರಾಗಿ ಹೊಲದಲ್ಲಿ ಕಳೆ ಕೀಳುವವಳಿಗೆ, ನಾಟಿ ಹಾಕುವವಳಿಗೆ, ನೆಲದ ಮೇಲೆ ಕಾಲು ಚಾಚಿ ಬೀಡಿ ಕಟ್ಟುವವಳಿಗೆ, ಇಂಡಿಯನ್ ಟಾಯ್ಲೆಟ್ ಇರುವ ಮನೆಯವರಿಗೆ "ಇನ್ಮೇಲೆ ಬಗ್ಗಬೇಡಿ" ಅಂದರೆ ಕೂಲಿ ಬಿಡಿ, ಊಟ ಬಿಡಿ ಅಂತಲೇ ಅರ್ಥ. ಬೆನ್ನುಮೂಳೆ ಇರುವುದೇ ಬಗ್ಗುವುದಕ್ಕೆ. ನೋವು ಹೊಸದಾಗಿದ್ದಾಗ ಕೆಲವು ದಿನ ಕಡಿಮೆ ಮಾಡಿ, ಸರಿ. ವರ್ಷಗಟ್ಟಲೆ ಬಗ್ಗದೇ ಇದ್ದರೆ ಸ್ನಾಯು ಸೊರಗುತ್ತದೆ, ಮೈ ಬಿಗಿಯಾಗುತ್ತದೆ. ಆಮೇಲೆ ಯಾವತ್ತೋ ಬಿದ್ದ ಸೌಟು ಎತ್ತಲು ಬಗ್ಗಿದಾಗ ಚಳಕ್ ಅನ್ನುತ್ತದೆ. ಆಗ "ನೋಡಿದ್ರಾ, ಬಗ್ಗಬೇಡಿ ಅಂದಿದ್ರು" ಅಂತ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಈ ಸುತ್ತು ತುಂಬಾ ಜನರ ಹಾಳೆಯಲ್ಲಿ ಸಿಗುತ್ತದೆ, ನಿಮ್ಮದರಲ್ಲೂ ಹುಡುಕಿ.

ಹೆಂಗಸರಿಗೆ ಮಾತ್ರ ಹೇಳುವ ಕಾರಣಗಳು

ಸಿಸೇರಿಯನ್ ಸೂಜಿಯ ವಿಷಯ ಮೊದಲು. ಚುಚ್ಚಿದ ಜಾಗ ಕೆಲವು ದಿನ ಮುಟ್ಟಿದರೆ ನೋಯಬಹುದು, ಅದು ನಿಜ. ಆದರೆ ಹೆರಿಗೆಯಲ್ಲಿ ಬೆನ್ನಿಗೆ ಎಪಿಡ್ಯೂರಲ್ (ನೋವು ತಡೆಯುವ ಸೂಜಿ) ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿ ನೋಡಿದ ಪ್ರಯೋಗಗಳಲ್ಲಿ, ದೀರ್ಘಕಾಲದ ಬೆನ್ನುನೋವಿನಲ್ಲಿ ಇಬ್ಬರಿಗೂ ವ್ಯತ್ಯಾಸ ಕಂಡಿಲ್ಲ. ಬಸುರಿಯಾಗಿದ್ದಾಗಲೇ ಅರ್ಧದಷ್ಟು ಹೆಂಗಸರಿಗೆ ಸೊಂಟ ನೋಯುತ್ತದೆ. ಹೆರಿಗೆಯಾದ ಮೇಲೆ ನಿದ್ದೆ ಇಲ್ಲ, ಕೂತು ಬಗ್ಗಿ ಹಾಲು ಕುಡಿಸಬೇಕು, ಮಗುವನ್ನು ಸೊಂಟದ ಮೇಲೆ ಹೊರಬೇಕು, ಹೊಟ್ಟೆಯ ಸ್ನಾಯು ಇನ್ನೂ ಸಡಿಲ. ಇಷ್ಟೆಲ್ಲ ಇರುವಾಗ ತಪ್ಪು ಸೂಜಿಯ ಮೇಲೆ ಬರುತ್ತದೆ, ಯಾಕೆಂದರೆ ನೆನಪಿರುವುದು ಅದೊಂದೇ. ಇದು ಯಾಕೆ ಮುಖ್ಯ ಅಂದರೆ, ಸೂಜಿಯಿಂದ ಬಂದದ್ದು ಅಂತ ನಂಬಿದವಳು ಅದಕ್ಕೆ ಮದ್ದಿಲ್ಲ ಅಂತಲೂ ನಂಬಿರುತ್ತಾಳೆ. ಹತ್ತು ವರ್ಷ ಏನೂ ಮಾಡದೆ ಸಹಿಸಿಕೊಂಡಿರುತ್ತಾಳೆ.

ಇನ್ನೊಂದು, ಬಿಳಿ ಸೆರಗು. ಬಿಳಿ ಹೋದರೆ ಮೈಯ ಸಾರ ಹೋಗುತ್ತದೆ, ಮೂಳೆ ಕರಗುತ್ತದೆ, ಅದಕ್ಕೇ ಸೊಂಟ ನೋವು ಅಂತ ಹಳ್ಳಿಗಳಲ್ಲಿ ಬಲವಾಗಿ ನಂಬುತ್ತಾರೆ. ಪೇಟೆಯಲ್ಲೂ ಕಡಿಮೆಯೇನಿಲ್ಲ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಸ್ವಲ್ಪ ಬಿಳಿ ಹೋಗುವುದು ಸಹಜ, ತಿಂಗಳ ಲೆಕ್ಕದಲ್ಲಿ ಜಾಸ್ತಿ ಕಡಿಮೆ ಆಗುತ್ತಿರುತ್ತದೆ. ಅದರಲ್ಲಿ ಮೂಳೆ ಕರಗಿ ಬರುವುದಿಲ್ಲ. ವಾಸನೆ, ತುರಿಕೆ, ಬಣ್ಣ ಬದಲಾಗುವುದು, ಕಿಬ್ಬೊಟ್ಟೆ ನೋವು ಇದ್ದರೆ ಸೋಂಕಿರಬಹುದು, ಅದಕ್ಕೆ ಬೇರೆ ಮಾತ್ರೆ ಇದೆ, ತೋರಿಸಿ. ಈ ನಂಬಿಕೆಯಿಂದ ಆಗುವ ದೊಡ್ಡ ಅನಾಹುತ ಏನೆಂದರೆ, ಸೊಂಟ ನೋವು ಮತ್ತು ಬಿಳಿ ಸೆರಗು ಅಂತ ಹೋದವರಿಗೆ ಗರ್ಭಕೋಶ ತೆಗೆಸಿ ಅನ್ನುವವರು ಸಿಗುತ್ತಾರೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಎಷ್ಟೋ ಹೆಂಗಸರಿಗೆ ಚಿಕ್ಕ ವಯಸ್ಸಿನಲ್ಲೇ ಹೀಗೆ ಆಪರೇಷನ್ ಆಗಿದ್ದು ದೊಡ್ಡ ಸುದ್ದಿಯೇ ಆಗಿತ್ತು. ಬರೀ ಸೊಂಟ ನೋವಿಗೆ ಗರ್ಭಕೋಶ ತೆಗೆಸಿ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ, ಸರ್ಕಾರಿ ಆಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಇನ್ನೊಬ್ಬ ಡಾಕ್ಟರ್ ಹತ್ತಿರ ಕೇಳಿ. ಅಕ್ಕನಿಗೆ, ಅತ್ತಿಗೆಗೆ, ಕೆಲಸಕ್ಕೆ ಬರುವವರಿಗೆ ಇದೊಂದು ಮಾತು ದಾಟಿಸಿ.

ಉಳಿದ ಕೆಲವು, ಬೇಗ ಬೇಗ

ಕಿಡ್ನಿ: ಕಿಡ್ನಿ ಕಲ್ಲಿನ ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ, ಅಲೆಅಲೆಯಾಗಿ ಬರುತ್ತದೆ, ಹೇಗೆ ಮಲಗಿದರೂ ಸಮಾಧಾನ ಸಿಗುವುದಿಲ್ಲ. ಬಗ್ಗಿದಾಗ ಜಾಸ್ತಿ, ಹೊರಳಿದಾಗ ಕಡಿಮೆ ಅನ್ನುವ ನೋವು ಸಾಮಾನ್ಯವಾಗಿ ಕಿಡ್ನಿಯದ್ದಲ್ಲ.

ಗ್ಯಾಸ್, ವಾಯು: ಹೊಟ್ಟೆ ಉಬ್ಬರಿಸಿದಾಗ ಬೆನ್ನು ಬಿಗಿದಂತಾಗಬಹುದು, ಆದರೆ ಗಾಳಿ ಬೆನ್ನಿನೊಳಗೆ ಹೋಗಿ ಸೇರಿಕೊಳ್ಳುವುದಿಲ್ಲ. ಆಲೂಗಡ್ಡೆ, ಕಡಲೆಬೇಳೆ ಬಿಡಬೇಕಾಗಿಲ್ಲ.

ಹಾಸಿಗೆ: ಹಲಗೆ ಮೇಲೆ, ಬರೀ ಚಾಪೆ ಮೇಲೆ ಮಲಗಬೇಕು ಅಂತ ತುಂಬಾ ಜನ ಒದ್ದಾಡುತ್ತಾರೆ. ಸ್ಪೇನ್‌ನಲ್ಲಿ 2003ರಲ್ಲಿ 313 ಜನರ ಮೇಲೆ ನಡೆದ ಪ್ರಯೋಗದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದ್ದೇ ಒಳ್ಳೆಯದು ಅಂತ ಬಂತು. ನಿಮಗೆ ನಿದ್ದೆ ಬರುವ ಹಾಸಿಗೆಯೇ ನಿಮ್ಮ ಹಾಸಿಗೆ.

ಬೆಲ್ಟ್: 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ಸೊಂಟದ ಬೆಲ್ಟ್ ಮತ್ತು ಟ್ರ್ಯಾಕ್ಷನ್ (ಭಾರ ಕಟ್ಟಿ ಸೊಂಟ ಎಳೆಯುವುದು) ಅನ್ನು ಎಂದಿನ ಚಿಕಿತ್ಸೆಯಾಗಿ ಕೊಡಬೇಡಿ ಅಂತ ಅದರಲ್ಲಿದೆ. ನಮ್ಮ ಕ್ಲಿನಿಕ್‌ಗಳಲ್ಲಿ ಹಚ್ಚುವ ಅಲ್ಟ್ರಾಸೌಂಡ್ ಮತ್ತು ಕರೆಂಟ್ ಯಂತ್ರದ ಬಗ್ಗೆಯೂ ಅದೇ ಮಾತು. ನಮ್ಮ ಹೊಟ್ಟೆಪಾಡಿಗೆ ಇದು ಅಷ್ಟು ಇಷ್ಟದ ಸುದ್ದಿಯಲ್ಲ, ಆದರೂ ಹೇಳಬೇಕು. ಕೊಡಬಹುದು ಅಂದಿರುವುದು ನೋವನ್ನು ಅರ್ಥ ಮಾಡಿಸುವುದು, ವ್ಯಾಯಾಮ, ಮಸಾಜ್ ಇಂಥವು. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಬಿಸಿನೀರು ಹುಯ್ದುಕೊಂಡರೆ ಹಾಯೆನಿಸುತ್ತದಾ? ಧಾರಾಳವಾಗಿ ಮಾಡಿ, ಆ ಸಡಿಲ ಇರುವ ಹೊತ್ತಿನಲ್ಲೇ ನಡೆಯಲು ಹೋಗಿ.

ಉಳುಕು ತೆಗೆಸುವುದು: ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಬಿಡುತ್ತದೆ ಅನ್ನುವ ನಂಬಿಕೆ ನಿಮ್ಮ ಊರಲ್ಲೂ ಇರಬಹುದು. ಸೊಂಟ ಹಿಡಿದುಕೊಂಡದ್ದು ಎಷ್ಟೋ ಸಲ ಎರಡು ಮೂರು ದಿನದಲ್ಲಿ ತಾನೇ ಸಡಿಲವಾಗುತ್ತದೆ, ಹೆಸರು ಒದ್ದವರಿಗೆ ಬರುತ್ತದೆ. ವಯಸ್ಸಾದವರಿಗೆ, ಮೂಳೆ ತೆಳುವಾದವರಿಗೆ ಮಾತ್ರ ಇದನ್ನು ಖಂಡಿತ ಮಾಡಿಸಬೇಡಿ.

ನಂಬಿಕೆಯನ್ನು ಮೈಯಲ್ಲೇ ಪರೀಕ್ಷಿಸುವುದು

ಓದಿದ್ದರಿಂದ ಹೆದರಿಕೆ ಹೋಗುವುದಿಲ್ಲ. ತಲೆ ಒಪ್ಪಿದರೂ ಸೊಂಟ ಒಪ್ಪುವುದಿಲ್ಲ. ಅದಕ್ಕೆ ಮಾಡಿ ನೋಡಬೇಕು.

ನಿಮ್ಮ ಹಾಳೆಯಲ್ಲಿ "ಬಿಟ್ಟಿದ್ದೇನೆ" ಅಂತ ಬರೆದದ್ದರಲ್ಲಿ ನಿಮಗೆ ಬೇಕೇ ಬೇಕು ಅನ್ನಿಸುವ ಒಂದನ್ನು ಆರಿಸಿಕೊಳ್ಳಿ. ನೀರಿನ ಬಿಂದಿಗೆ ಎತ್ತುವುದು ಅಂತ ಇಟ್ಟುಕೊಳ್ಳೋಣ. ಅದನ್ನು ತುಂಡು ಮಾಡಿ. ಮೊದಲು ಮಲಗಿಕೊಂಡು ಎರಡೂ ಮಂಡಿ ಎದೆಗೆ ಎಳೆದುಕೊಳ್ಳುವುದು. ಅದು ಸಲೀಸಾದರೆ ಕುರ್ಚಿಯಲ್ಲಿ ಕೂತು ಕೈಯಿಂದ ಪಾದ ಮುಟ್ಟುವುದು. ಆಮೇಲೆ ನಿಂತು ಬಗ್ಗಿ ಸ್ಟೂಲ್ ಮೇಲಿನ ಖಾಲಿ ಬಿಂದಿಗೆ ಎತ್ತುವುದು, ನಂತರ ನೆಲದಿಂದ ಖಾಲಿಯದು, ಕಾಲು ಭಾಗ ನೀರು, ಅರ್ಧ, ಪೂರ್ತಿ. ಒಂದು ಮೆಟ್ಟಿಲಲ್ಲಿ ನಾಲ್ಕೈದು ದಿನ ನಿಂತರೂ ಪರವಾಗಿಲ್ಲ. ಗ್ಯಾಸ್ ಸಿಲಿಂಡರ್‌ನಿಂದ ಶುರು ಮಾಡುವವರು ಇರುತ್ತಾರೆ, ತುಂಬಿದ್ದು ಸುಮಾರು 30 ಕೆಜಿ ತೂಗುತ್ತದೆ, ಅವಸರ ಬೇಡ.

ಪ್ರತಿ ಸಲ ಮಾಡುವ ಮುಂಚೆ ಏನಾಗುತ್ತದೆ ಅಂತ ನಿಮಗೆ ಅನ್ನಿಸುತ್ತದೋ ಅದನ್ನು ಒಂದು ಸಾಲು ಬರೆಯಿರಿ. "ಬಗ್ಗಿದರೆ ಡಿಸ್ಕ್ ಹೋಗುತ್ತೆ, ಏಳೋಕಾಗಲ್ಲ." ಹೀಗೆ. ಮಾಡಿ. ಮಾರನೇ ದಿನ ಬೆಳಿಗ್ಗೆ ಪಕ್ಕದಲ್ಲಿ ಏನಾಯಿತು ಅಂತ ಬರೆಯಿರಿ. ಮಾಡುವಾಗ ಸ್ವಲ್ಪ ನೋವು ಏರಿ, ಬೆಳಿಗ್ಗೆ ಹೊತ್ತಿಗೆ ಮೊದಲಿನಷ್ಟಕ್ಕೆ ಬಂದಿದ್ದರೆ ಅದು ಸರಿಯಾದ ಅಳತೆ. ಬೆಳಿಗ್ಗೆಯೂ ಏರಿಯೇ ಇದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ, ಬಿಟ್ಟುಬಿಡಬೇಡಿ. ನೋವು ಕಾಲಿನಲ್ಲಿ ಇನ್ನೂ ಕೆಳಕ್ಕೆ ಇಳಿಯುತ್ತಿದ್ದರೆ, ಜೋಮು ಜಾಸ್ತಿಯಾಗುತ್ತಿದ್ದರೆ ಮಾತ್ರ ನಿಲ್ಲಿಸಿ ತೋರಿಸಿ.

ಇದರ ಜೊತೆಗೆ ನಡಿಗೆ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವಿನಿಂದ ಚೇತರಿಸಿಕೊಂಡಿದ್ದ 701 ಜನರ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫಿಸಿಯೋ ಸಲಹೆ ಪಡೆದು ನಿಧಾನವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರುಕಳಿಸಲು ಸುಮಾರು 208 ದಿನ ಹಿಡಿಯಿತು, ಏನೂ ಮಾಡದವರಿಗೆ 112 ದಿನ. ವಾರಕ್ಕೆ ಐದು ಸಲ ಅರ್ಧ ಗಂಟೆ ಅವರ ಗುರಿ, ಅದನ್ನು ಮುಟ್ಟಲು ಆರು ತಿಂಗಳ ಅವಕಾಶವಿತ್ತು. ಶೂ ಬೇಕು, ಪಾರ್ಕ್ ಬೇಕು ಅಂತೇನಿಲ್ಲ. ಹಾಲಿನ ಡೇರಿಗೆ ಸುತ್ತು ದಾರಿಯಲ್ಲಿ ಹೋಗಿ ಬಂದರೂ ಲೆಕ್ಕಕ್ಕೆ ಬರುತ್ತದೆ.

ಡಾಕ್ಟರ್ ಹತ್ತಿರ ಏನು ಕೇಳಬೇಕು

ಸಮಯ ಕಡಿಮೆ, ಹೊರಗೆ ಟೋಕನ್ ಹಿಡಿದವರು ಕಾಯುತ್ತಿರುತ್ತಾರೆ. ಬರೆದುಕೊಂಡು ಹೋಗಿ. "ಸಾರ್, ನನಗೆ ಅಪಾಯದ ಲಕ್ಷಣ ಏನಾದರೂ ಇದೆಯಾ?" "ಬಗ್ಗಬೇಡಿ ಅಂದ್ರಲ್ಲ, ಎಷ್ಟು ದಿನಕ್ಕೆ?" "ಕೆಲಸಕ್ಕೆ ಯಾವಾಗಿಂದ ಹೋಗಬಹುದು?" "ಸ್ಕ್ಯಾನ್ ಮಾಡಿಸಿದರೆ ನನ್ನ ಚಿಕಿತ್ಸೆ ಏನಾದರೂ ಬದಲಾಗುತ್ತಾ?" ಈ ಎರಡನೇ ಪ್ರಶ್ನೆಯನ್ನು ಮರೆಯಲೇಬೇಡಿ. ದಿನದ ಲೆಕ್ಕ ಕೇಳಿದರೆ ಹೆಚ್ಚಿನ ಡಾಕ್ಟರುಗಳು "ಒಂದೆರಡು ವಾರ ಹುಷಾರಾಗಿರಿ ಸಾಕು" ಅನ್ನುತ್ತಾರೆ.

ಮಾತ್ರೆ ಚೀಟಿಯಲ್ಲಿ ಪ್ರಿಗಾಬಲಿನ್ ಅನ್ನುವ ನರದ ನೋವಿನ ಮಾತ್ರೆ ಇದ್ದರೆ ಯಾಕೆ, ಎಷ್ಟು ದಿನ ಅಂತ ಕೇಳಿ. ಕಾಲಿಗೆ ಇಳಿಯುವ ನರದ ನೋವಿಗೆ ಅದನ್ನು ಕೊಟ್ಟು ನೋಡಿದ ಆಸ್ಟ್ರೇಲಿಯಾದ 2017ರ ಪ್ರಯೋಗದಲ್ಲಿ ಅದು ಔಷಧಿಯೇ ಇಲ್ಲದ, ಸುಮ್ನೆ ಕೊಟ್ಟ ಮಾತ್ರೆಗಿಂತ ಜಾಸ್ತಿ ಕೆಲಸ ಮಾಡಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ. ಆದರೆ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವೇ ದಿಢೀರ್ ಅಂತ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದಂತೆ ಇಳಿಸಬೇಕು.

ಮನೆಯವರ ಮಾತು

ನಂಬಿಕೆ ಒಬ್ಬರ ತಲೆಯಲ್ಲಿ ಮಾತ್ರ ಇರುವುದಿಲ್ಲ, ಮನೆ ತುಂಬಾ ಇರುತ್ತದೆ. "ನೀನು ಎತ್ತಬೇಡಮ್ಮ, ಮೊದಲೇ ಡಿಸ್ಕು" ಅಂತ ಮಗ ಪ್ರೀತಿಯಿಂದಲೇ ಹೇಳುತ್ತಾನೆ, ಅಮ್ಮನಿಗೆ ಕೇಳಿಸುವುದು ನಾನು ಮುರಿದುಹೋಗಿದ್ದೇನೆ ಅಂತ. ಅದರ ಬದಲು "ಬಾ ಅಮ್ಮ, ಇಬ್ಬರೂ ಸೇರಿ ಎತ್ತೋಣ" ಅನ್ನಬಹುದು. ದೊಡ್ಡವರ ಹತ್ತಿರ ನಿಮ್ಮ ನಂಬಿಕೆ ತಪ್ಪು ಅಂತ ವಾದಕ್ಕೆ ಇಳಿಯಬೇಡಿ, ಯಾರೂ ಸೋಲಲು ಒಪ್ಪುವುದಿಲ್ಲ. "ಎಂಬತ್ತು ವರ್ಷದ ಹತ್ತಕ್ಕೆ ಒಂಬತ್ತು ಜನರಿಗೆ ಸ್ಕ್ಯಾನ್‌ನಲ್ಲಿ ಹೀಗೇ ಕಾಣುತ್ತಂತೆ ಅಜ್ಜಿ, ನೋವಿಲ್ಲದವರಿಗೂ" ಅಂತ ಮಾತಿನ ನಡುವೆ ಹೇಳಿ ಸುಮ್ಮನಾಗಿ. ಗಂಡಸರಿಗೆ ಇನ್ನೊಂದು ತೊಡಕು. ಆಟೋ ಓಡಿಸುವವರು, ಬಸ್ ಡ್ರೈವರ್‌ಗಳು ಕೆಲಸ ಬಿಟ್ಟರೆ ದಿನದ ದುಡಿಮೆ ಹೋಗುತ್ತದೆ ಅಂತ ನೋವು ಮುಚ್ಚಿಟ್ಟುಕೊಂಡು, ಕೊನೆಗೆ ಒಂದೇ ಸಲ ತಿಂಗಳುಗಟ್ಟಲೆ ಮಲಗುತ್ತಾರೆ. ಅವರಿಗೆ ಹೇಳಬೇಕಾದ್ದು ರೆಸ್ಟ್ ಅಲ್ಲ, ಪ್ರತಿ ಟ್ರಿಪ್ ಮುಗಿದ ಮೇಲೆ ಇಳಿದು ಎರಡು ನಿಮಿಷ ನಡೆಯಿರಿ ಅಂತ.

ಊರಿಗೆ ಊರೇ ನಂಬಿಕೆ ಬದಲಾಯಿಸಿಕೊಂಡದ್ದೂ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1997ರಿಂದ ಎರಡು ವರ್ಷ ಟಿವಿಯಲ್ಲಿ ಸೊಂಟ ನೋವು ಬಂದರೆ ಮಲಗಬೇಡಿ, ಓಡಾಡಿಕೊಂಡಿರಿ ಅಂತ ಜಾಹೀರಾತು ಹಾಕಿದರು. ಜನರ ಅಭಿಪ್ರಾಯ ಬದಲಾಯಿತು, ಡಾಕ್ಟರುಗಳದ್ದೂ ಬದಲಾಯಿತು, ಬೆನ್ನುನೋವಿನ ಪರಿಹಾರದ ಅರ್ಜಿಗಳೂ ಇಳಿದವು. ನಮ್ಮಲ್ಲಿ ಟಿವಿ ಹಾಕಿದರೆ ಬರುವುದು ಬೆಲ್ಟಿನ ಜಾಹೀರಾತು, ಎಣ್ಣೆಯ ಜಾಹೀರಾತು.

ಮತ್ತೆ ಬಂದರೆ

ಬರುತ್ತದೆ. ಒಮ್ಮೆ ವಾಸಿಯಾದವರಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಜನಕ್ಕೆ ವರ್ಷದೊಳಗೆ ಒಂದು ಸಲವಾದರೂ ಮರುಕಳಿಸುತ್ತದೆ. ಹಳೆಯ ಗಾಯ ಬಿಚ್ಚಿಕೊಂಡಿತು ಅಂತ ಅಲ್ಲ, ನೆಗಡಿ ಮತ್ತೆ ಬಂದಷ್ಟೇ ಮಾಮೂಲಿ. ಅಪಾಯದ ಲಕ್ಷಣದ ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಹಿಂದಿನ ವಾರ ನಿದ್ದೆ ಹೇಗಿತ್ತು, ಕೆಲಸ ದಿಢೀರ್ ಜಾಸ್ತಿಯಾಯಿತಾ, ಮದುವೆ ಮನೆ ಓಡಾಟವಿತ್ತಾ ಅಂತ ಯೋಚಿಸಿ. ಎರಡು ದಿನ ಕೆಲಸ ಅರ್ಧಕ್ಕಿಳಿಸಿ, ಶಾಖ ಕೊಡಿ, ನಡಿಗೆ ಬಿಡಬೇಡಿ, ಮೆಟ್ಟಿಲಲ್ಲಿ ಒಂದೆರಡು ಕೆಳಗಿನಿಂದ ಮತ್ತೆ ಹತ್ತಿ. ಹೆಚ್ಚಿನವರಿಗೆ ಮೊದಲ ಆರು ವಾರದಲ್ಲೇ ತುಂಬಾ ಇಳಿಯುತ್ತದೆ. ಅಷ್ಟರಲ್ಲಿ ಇಳಿಯದಿದ್ದರೆ ಹಾಳೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ. ಹಳೆಯ ಎಂಆರ್‌ಐ ಇದ್ದರೆ ಅದೂ ಕೈಯಲ್ಲಿರಲಿ, ಹೊಸದನ್ನು ಮೊದಲೇ ಮಾಡಿಸಿಕೊಂಡು ಹೋಗಬೇಡಿ.